ಕಬ್ಬಿನೊಳಗೆ ನಿಂತ ಸಣ್ಣ ಮಾಮಾ

ನನ್ನ ಕಂಪ್ಯೂಟರಿನ ಪರದೆಯ ಬಲಗಡೆ ಒಂದು ಪುಟ್ಟ ಪೆಟ್ಟಿಗೆ ಇದೆ. ಅದರಲ್ಲಿ ಸದಾಕಾಲ ‘ನಾರ್ಮಲ್’ ಎಂದು ಬರೆದಿರುತ್ತದೆ. ಚಿಕ್ಕೋಡಿಯಂಥ ಊರಿನಲ್ಲಿ ಫೋಟೋ ಸ್ಟುಡಿಯೋ ನಡೆಸುವವಳಾಗಿ ಹೇಳುತ್ತೇನೆ, ಇದಕ್ಕಿಂತ ದೊಡ್ಡ ಸುಳ್ಳನ್ನು ನಾನು ಬೇರೆಲ್ಲೂ ಓದಿಲ್ಲ. ನಾರ್ಮಲ್ ಆಗಿ ಕಾಣಬೇಕೆಂದು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದವರು ಈವರೆಗೆ ಒಬ್ಬರೂ ಇಲ್ಲ. ಇದ್ದಂತೆಯೇ ಕಾಣುವುದಾದರೆ ಮನೆಯಲ್ಲಿ ಕನ್ನಡಿ ಇಲ್ಲವೇ, ನಿಮ್ಮಲ್ಲಿಗೆ ಯಾಕೆ ಬರಬೇಕು ಎನ್ನುವುದು ಅವರ ವಾದ. ವಾದವೇನೋ ಸರಿಯಾಗಿಯೇ ಇದೆ.

ಆ ಪೆಟ್ಟಿಗೆಯನ್ನು ಒತ್ತಿದರೆ ಉದ್ದನೆಯ ಪಟ್ಟಿಯೊಂದು ಕೆಳಗಿಳಿಯುತ್ತದೆ. ಮಲ್ಟಿಪ್ಲೈ, ಸ್ಕ್ರೀನ್, ಓವರ್‌ಲೇ, ಸಾಫ್ಟ್ ಲೈಟ್, ಹೀಗೆ. ಫೋಟೋ ತಿದ್ದುವಾಗ ನಾವು ಚಿತ್ರಗಳನ್ನು ಒಂದರ ಮೇಲೊಂದು ಪದರವಾಗಿ ಇಡುತ್ತೇವೆ. ಮೇಲಿನ ಪದರ ಕೆಳಗಿನ ಪದರದ ಜೊತೆ ಹೇಗೆ ಸಂಸಾರ ಮಾಡಬೇಕು ಎಂಬುದನ್ನು ಈ ಪಟ್ಟಿ ತೀರ್ಮಾನಿಸುತ್ತದೆ. ನಾರ್ಮಲ್ ಎಂದರೆ ಮೇಲಿದ್ದವನು ಕೆಳಗಿದ್ದವನನ್ನು ಪೂರ್ತಿ ಮುಚ್ಚಿಹಾಕುತ್ತಾನೆ. ಇದಕ್ಕೆ ನಾರ್ಮಲ್ ಎಂದು ಹೆಸರಿಟ್ಟವರು ನಮ್ಮ ಕಡೆಯ ಪಂಚಾಯಿತಿ ರಾಜಕೀಯವನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಮಲ್ಟಿಪ್ಲೈ ಒತ್ತಿದರೆ ಮೇಲಿನ ಪದರದಲ್ಲಿ ಬಿಳಿಯಾಗಿರುವುದೆಲ್ಲ ಮಾಯವಾಗಿ ಕಪ್ಪಷ್ಟೇ ಉಳಿಯುತ್ತದೆ. ಸ್ಕ್ರೀನ್ ಒತ್ತಿದರೆ ಅದಕ್ಕೆ ತದ್ವಿರುದ್ಧ. ಓವರ್‌ಲೇ, ಸಾಫ್ಟ್ ಲೈಟ್ ಇವೆಲ್ಲ ಕಟ್ಟೆಯ ಮೇಲೆ ಕುಳಿತು ರಾಜಿ ಮಾಡಿಸುವ ಹಿರಿಯರ ಜಾತಿಯವು. ಇಬ್ಬರದೂ ಸ್ವಲ್ಪ ಸ್ವಲ್ಪ ಇರಲಿ ಎನ್ನುತ್ತವೆ. ಉಳಿದವುಗಳ ಹೆಸರು ಮಾತ್ರ ನನಗೆ ಗೊತ್ತು, ಕೆಲಸ ಗೊತ್ತಿಲ್ಲ. ಆದರೆ ಗಿರಾಕಿಯ ಎದುರು ಆ ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ಓಡಿಸಿದರೆ ಸಾಕು, ಕೂತ ಸ್ಟೂಲಿನಲ್ಲೇ ಸ್ವಲ್ಪ ನೆಟ್ಟಗಾಗುತ್ತಾರೆ.

ಇದನ್ನೆಲ್ಲ ನಾನು ಆಸೆಪಟ್ಟು ಕಲಿತದ್ದೇನಲ್ಲ. ನಮ್ಮನೆಯವರು ಕ್ಯಾಮೆರಾದ ಹಿಂದೆ ನಿಂತು ‘ಸ್ವಲ್ಪ ಗದ್ದ ಮ್ಯಾಲ, ಹಾಂ, ನಗ್ರಿ’ ಎನ್ನುವುದನ್ನು ಬಿಟ್ಟು ಬೇರೆ ಯಾವ ತಂತ್ರಜ್ಞಾನವನ್ನೂ ನಂಬಿದವರಲ್ಲ. ಕಂಪ್ಯೂಟರಿಗೆ ಕೂರುತ್ತಿದ್ದ ಆಪರೇಟರ್ ಒಂದು ದಿನ ಕೊಲ್ಲಾಪುರಕ್ಕೆ ಮದುವೆಗೆಂದು ಹೋದವನು ಅಲ್ಲೇ ಕೆಲಸ ಹಿಡಿದು ಕೂತ. ಎದುರಿಗೆ ಮೂರು ಮದುವೆಯ ಆಲ್ಬಮ್ಮುಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ‘ನೀ ರಂಗೋಲಿ ಛಲೋ ಹಾಕ್ತಿಯಲ್ಲಾ, ಇದೂ ಬರ್ತೈತಿ’ ಎಂದು ಹೇಳಿ ನಮ್ಮನೆಯವರು ಚಹಾ ಕುಡಿಯಲು ಹೊರಟುಹೋದರು. ನನ್ನ ವೃತ್ತಿಶಿಕ್ಷಣ ಅಷ್ಟಕ್ಕೇ ಮುಗಿಯಿತು.

ಗಿರಾಕಿಗಳ ಬಗ್ಗೆ ಹೇಳತೊಡಗಿದರೆ ಇವತ್ತಿಗೆ ಮುಗಿಯುವುದಿಲ್ಲ. ರಾಯಬಾಗದ ಕಡೆಯ ಒಬ್ಬ ಯುವ ನಾಯಕರು ವರ್ಷಕ್ಕೊಮ್ಮೆ ತಮ್ಮ ಹುಟ್ಟುಹಬ್ಬಕ್ಕೆ ತಾವೇ ಶುಭ ಕೋರುವ ಬ್ಯಾನರ್ ಮಾಡಿಸುತ್ತಾರೆ. ಅವರ ನಾಯಕತ್ವದ ಸುದ್ದಿ ಅವರ ಗೆಳೆಯರನ್ನು ದಾಟಿ ಇನ್ನೂ ಹೊರಗೆ ಬಂದಿಲ್ಲ. ‘ಮೇಡಂ, ಫೋಟೋ ಸಪ್ಪಗ ಐತ್ರಿ, ಸ್ವಲ್ಪ ಮಸಾಲಿ ಹಾಕ್ರಿ’ ಎಂದರು. ಬೆನ್ನ ಹಿಂದೆ ಸಿಂಹ ಹಾಕಿದೆ. ಸಿಂಹದ ಹಿಂದೆ ಸೂರ್ಯನನ್ನು ಹಾಕಿದೆ. ಬಣ್ಣ ಇನ್ನೂ ಬೇಕೆಂದರು. ಮುಖದ ಮೇಲೆ ಒಂದು ಪದರವಿಟ್ಟು ಸ್ಕ್ರೀನ್ ಒತ್ತಿದೆ, ಮತ್ತೊಂದು ಪದರವಿಟ್ಟು ಮತ್ತೆ ಒತ್ತಿದೆ. ಕೊನೆಗೆ ಮೂಗು ಎಲ್ಲಿದೆ ಎಂಬುದು ಅಂದಾಜಿನ ಮೇಲೆ ತಿಳಿಯಬೇಕಾಯಿತು. ಅವರ ಸ್ವಂತ ತಾಯಿ ಅಂಗಡಿಗೆ ಬಂದು ಆ ಬ್ಯಾನರನ್ನು ನೋಡಿ, ‘ಈ ಸಾಹೇಬ ಯಾರ ಪೈಕಿರಿ?’ ಎಂದು ಬಹಳ ಗೌರವದಿಂದ ಕೇಳಿದರು.

ಕೊಗನೊಳ್ಳಿಯ ಗಿರಾಕಿಯೊಬ್ಬರದು ಇನ್ನೊಂದು ಬಗೆ. ಅವರ ಅಂಗಡಿ ಇರುವುದು ಗಡಿಯ ಹೆದ್ದಾರಿಗೆ. ಹೀಗಾಗಿ ಬ್ಯಾನರಿನ ಅರ್ಧಕ್ಕೆ ಕನ್ನಡ, ಅರ್ಧಕ್ಕೆ ಮರಾಠಿ. ಯಾವ ಕಡೆಯವರಿಗೂ ನೋವಾಗಬಾರದೆಂದು ಎರಡೂ ಕಡೆಯ ಅಕ್ಷರಗಳನ್ನು ಟೇಪು ಹಿಡಿದು ಅಳೆದು ನೋಡಿದರು. ಕನ್ನಡದ ಒತ್ತಕ್ಷರಗಳು ಕೆಳಗೆ ಇಳಿದು ಒಂದು ಬೆರಳು ಜಾಗ ಹೆಚ್ಚು ತಿಂದಿದ್ದವು. ‘ಇದನ್ನ ಸ್ವಲ್ಪ ಮ್ಯಾಲ ಜಗ್ಗಾಕ ಬರೂದಿಲ್ಲೇನ್ರಿ?’ ಎಂದು ಕೇಳಿದರು. ರಾಜ್ಯ ರಾಜ್ಯಗಳ ನಡುವೆ ಬಗೆಹರಿಯದ್ದನ್ನು ನಾನು ಕಂಪ್ಯೂಟರಿನ ಇಲಿಯ ಬಾಲ ಹಿಡಿದು ಬಗೆಹರಿಸಬೇಕಾಗಿತ್ತು.

ಈ ಕಸುಬಿನಲ್ಲಿ ನಾನಾಗಿ ಕಂಡುಕೊಂಡ ನಿಯಮವೊಂದಿದೆ. ಯಾರನ್ನೂ ಅಳಿಸಬಾರದು. ಪ್ರತಿಯೊಂದು ಪದರದ ಪಕ್ಕದಲ್ಲೂ ಒಂದು ಕಣ್ಣಿನ ಗುರುತು ಇರುತ್ತದೆ; ಅದನ್ನು ಒತ್ತಿದರೆ ಆ ಪದರದವರು ಕಾಣುವುದಿಲ್ಲ, ಮತ್ತೆ ಒತ್ತಿದರೆ ಕಾಣುತ್ತಾರೆ. ನಮ್ಮ ಕಡೆಯ ಜಗಳಗಳಿಗೆ ಇದಕ್ಕಿಂತ ಒಳ್ಳೆಯ ಸಲಕರಣೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ‘ಅಳಿಯನ ಫೋಟೋ ತಗದ ಬಿಡ್ರಿ, ಅವನ ಮಾರಿ ನಮಗ ಬ್ಯಾಡ’ ಎಂದು ಹಲ್ಲು ಕಡಿಯುತ್ತ ಬಂದವರು ಪಂಚಮಿಗೆ ಮಗಳು ತವರಿಗೆ ಬರುತ್ತಲೇ, ‘ಅಳಿಯಾನ್ನ ಮತ್ತ ಅಲ್ಲೇ ನಿಂದ್ರಸ್ರಿ’ ಎನ್ನುತ್ತ ಬರುತ್ತಾರೆ. ಅಳಿಸಿಬಿಟ್ಟಿದ್ದರೆ ಅಳಿಯನನ್ನು ಎಲ್ಲಿಂದ ತರಲಿ? ನನ್ನ ಕಂಪ್ಯೂಟರಿನಲ್ಲಿ ಹೀಗೆ ಕಣ್ಣು ಮುಚ್ಚಿಸಿಕೊಂಡ ಅಳಿಯಂದಿರು, ಪಾಲುದಾರರು, ಮಾಜಿ ಕಾರ್ಯಕರ್ತರು ಒಂದು ಊರಿಗಾಗುವಷ್ಟು ಇದ್ದಾರೆ. ಎಲ್ಲರೂ ಆರಾಮವಾಗಿದ್ದಾರೆ.

ಈ ಪದರಗಳ ಆಟ ನನಗೆ ಕಂಪ್ಯೂಟರಿನಿಂದ ಬಂದದ್ದಲ್ಲ ಎನ್ನುವುದೂ ನಿಜ. ನನ್ನ ತಾಯಿಯ ತವರು ಅಥಣಿ ತಾಲೂಕಿನ ಸತ್ತಿ, ಕೃಷ್ಣೆಯ ದಂಡೆಗಿರುವ ಊರು. ಶಾಲೆಗೆ ಸೂಟಿ ಬಿಟ್ಟರೆ ನಾವು ಅಲ್ಲಿ. ನಮ್ಮ ಕಡೆ ಅಜ್ಜಿಗೆ ‘ಆಯಿ’ ಎನ್ನುತ್ತೇವೆ. ಆಯಿ ಸಂತೆಯಿಂದ ಬಣ್ಣಬಣ್ಣದ ಪಾರದರ್ಶಕ ಕಾಗದ ಸುತ್ತಿದ ಪೆಪ್ಪರಮಿಂಟು ತರುತ್ತಿದ್ದಳು. ಮಿಠಾಯಿ ಬಾಯಿಗೆ, ಕಾಗದ ಕಣ್ಣಿಗೆ. ಕೆಂಪು ಕಾಗದದಲ್ಲಿ ನೋಡಿದರೆ ಬಿಳಿ ಕರು ಕೆಂಪಾಗುತ್ತಿತ್ತು, ಎಮ್ಮೆ ಮಾತ್ರ ಎಮ್ಮೆಯಾಗಿಯೇ ಉಳಿಯುತ್ತಿತ್ತು. ಅದೇ ಮಲ್ಟಿಪ್ಲೈ. ಕೆಂಪಿನ ಮೇಲೆ ಹಸಿರು ಕಾಗದ ಇಟ್ಟರೆ ಇಡೀ ಸತ್ತಿಯೇ ಕತ್ತಲಾಗುತ್ತಿತ್ತು. ನಾನು ಹಾಗೇ ನಡೆದು ಹೋಗಿ ಸೆಗಣಿಯ ಬುಟ್ಟಿಯಲ್ಲಿ ಕಾಲಿಟ್ಟದ್ದುಂಟು. ಸೂಟಿ ಮುಗಿಸಿ ಮರಳುವಾಗ ಸಂಜೆಯ ಬಸ್ಸಿನ ಕಿಟಕಿಯ ಗಾಜಿನಲ್ಲಿ ನನ್ನ ಅಳು ಮುಖ ಕಾಣುತ್ತಿತ್ತು, ಅದರೊಳಗಿಂದ ಕಬ್ಬಿನ ಗದ್ದೆಗಳು ಹಾದುಹೋಗುತ್ತಿದ್ದವು. ಅದು ಸ್ಕ್ರೀನ್. ಆಗ ಅದಕ್ಕೆ ಇಂಗ್ಲಿಷಿನಲ್ಲಿ ಹೆಸರಿದೆ, ಮುಂದೆ ಅದರಿಂದ ನನ್ನ ಹೊಟ್ಟೆ ತುಂಬುತ್ತದೆ ಎಂದು ಯಾರೂ ಹೇಳಲಿಲ್ಲ.

ಸತ್ತಿಯಲ್ಲಿ ನನಗೆ ಇಬ್ಬರು ಮಾಮಂದಿರು. ದೊಡ್ಡ ಮಾಮಾ ಅಣ್ಣಾಸಾಬ, ಕಬ್ಬಿನವರು. ಸಣ್ಣ ಮಾಮಾ ಬಾಳಾಸಾಬ, ದ್ರಾಕ್ಷಿಯವರು. ನಾನು ಹುಟ್ಟಿದಾಗ ‘ಬಾಳಾಸಾಬಗ ಹೇಣ್ತಿ ಹುಟ್ಯಾಳ’ ಎಂದು ಓಣಿಯಲ್ಲಿ ಸಕ್ಕರೆ ಹಂಚಿದ್ದರಂತೆ. ದೊಡ್ಡವರಾದ ಮೇಲೆ ಅವರಿಗೂ ನನಗೂ ಆ ಯೋಚನೆ ಬೇಡವಾಯಿತು. ಹೀಗಾಗಿ ನಮ್ಮಿಬ್ಬರ ಸಂಬಂಧ ಇವತ್ತಿಗೂ ಚೆನ್ನಾಗಿ ಉಳಿದಿದೆ.

ಅಣ್ಣ ತಮ್ಮಂದಿರ ನಡುವೆ ಮಾತು ನಿಂತದ್ದು ಒಂದು ಹಾದಿಯ ಸಲುವಾಗಿ. ದೊಡ್ಡ ಮಾಮಾನ ಕಬ್ಬು ತುಂಬಿದ ಟ್ರಾಲಿ ರಸ್ತೆಗೆ ಬರಬೇಕಾದರೆ ಸಣ್ಣ ಮಾಮಾನ ದ್ರಾಕ್ಷಿ ತೋಟದ ಮೂಲೆಯಿಂದ ಹಾಯಬೇಕು. ಟ್ರಾಲಿ ಹಾದರೆ ಧೂಳು ಏಳುತ್ತದೆ, ಧೂಳು ಕೂತ ದ್ರಾಕ್ಷಿಯನ್ನು ಯಾರೂ ಕೊಳ್ಳುವುದಿಲ್ಲ. ಹಾಯದಿದ್ದರೆ ಹೊಳೆಯ ಕಡೆಯಿಂದ ಸುತ್ತು ಹಾಕಬೇಕು, ಅಲ್ಲಿ ಟ್ರಾಲಿ ಕೆಸರಿನಲ್ಲಿ ಹುಗಿಯುತ್ತದೆ. ಇಬ್ಬರದೂ ಸರಿಯೇ. ಇಬ್ಬರದೂ ಸರಿ ಇರುವ ಜಗಳ ಮುಗಿಯುವುದೇ ಇಲ್ಲ ಎಂಬುದು ನಾನು ಅವರಿಂದ ಕಲಿತ ಪಾಠ. ಒಬ್ಬರು ಬೇಲಿ ಹಾಕಿದರು, ಇನ್ನೊಬ್ಬರು ಮುಖ ತಿರುಗಿಸಿದರು. ಆಯಿ ಒಂದು ಮನೆಯಲ್ಲಿ ಉಂಡು ಇನ್ನೊಂದು ಮನೆಯಲ್ಲಿ ಮಲಗಿ ಇಬ್ಬರ ಲೆಕ್ಕವನ್ನೂ ಸರಿದೂಗಿಸುತ್ತಿದ್ದಳು.

ಈ ನಡುವೆ ದೊಡ್ಡ ಮಾಮಾ ಹೊಲದಲ್ಲಿ ಹೊಸ ಮನೆ ಕಟ್ಟಿಸಿದರು. ವಾಸ್ತುಶಾಂತಿಗೆ ಬ್ಯಾನರ್ ಬೇಡವೇ? ಬ್ಯಾನರ್ ಇಲ್ಲದ ವಾಸ್ತುಶಾಂತಿಯನ್ನು ದೇವರು ಒಪ್ಪಿದರೂ ನೆಂಟರು ಒಪ್ಪುವುದಿಲ್ಲ. ಆಯಿಯನ್ನು ಕರೆದುಕೊಂಡು ಚಿಕ್ಕೋಡಿಗೆ ಬಂದು, ನಮ್ಮ ಸ್ಟುಡಿಯೋದ ನೀಲಿ ಪರದೆಯ ಮುಂದೆ ಅವಳನ್ನು ಕೂರಿಸಿ, ಉಳಿದ ಫೋಟೋಗಳನ್ನು ಕೊಟ್ಟು ನನಗೆ ನಕಾಶೆ ವಿವರಿಸಿದರು.

‘ನಡಬರಕ ಅವ್ವ. ಬಲಕ ನಾ, ಎಡಕ ನಿಮ್ಮತ್ತಿ. ಮುಂದ ಹುಡುಗ್ರು, ಸೊಸ್ತ್ಯಾರು. ಹಿಂದ ಮನಿ. ಮನಿ ಹಿಂದ ಕಬ್ಬು. ಈ ಮೂಲ್ಯಾಗ ಟ್ರ್ಯಾಕ್ಟರ್ ಬರ್ಲಿ, ಹೊಸಾದ ತಗೊಂಡೇವಿ.’

‘ಸಣ್ಣ ಮಾಮಾ?’ ಎಂದೆ.

‘ಯಾವ ಸಣ್ಣ ಮಾಮಾ?’ ಎಂದರು.

ಮುಂದೆ ಕೇಳುವ ಹಾಗಿರಲಿಲ್ಲ. ಟ್ರ್ಯಾಕ್ಟರಿಗೆ ಸಿಕ್ಕ ಜಾಗ ಒಡಹುಟ್ಟಿದವನಿಗೆ ಸಿಗಲಿಲ್ಲ. ಟ್ರ್ಯಾಕ್ಟರ್ ಬೇಲಿ ಹಾಕಿರಲಿಲ್ಲವಲ್ಲ. ನಮ್ಮನೆಯವರು ಪದ್ಧತಿಯಂತೆ ‘ಗದ್ದ ಮ್ಯಾಲ, ನಗ್ರಿ’ ಎಂದರು. ಆಯಿ ನಗಲಿಲ್ಲ. ಫೋಟೋ ತೆಗೆದ ಮೇಲೆ ಗಂಡಸರಿಬ್ಬರೂ ಚಹಾಕ್ಕೆ ಎದ್ದು ಹೋದರು. ಅವರು ಮೆಟ್ಟಿಲು ಇಳಿದದ್ದನ್ನು ಖಾತ್ರಿ ಮಾಡಿಕೊಂಡು ಆಯಿ ನನ್ನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡಳು.

‘ಬಾಳಾಸಾಬಂದು ಫೋಟೋ ಐತೇನ ನಿನ್ನ ಕಡೆ?’

‘ಐತಿ ಆಯಿ. ಆದ್ರ ದೊಡ್ಡ ಮಾಮಾ—’

‘ಅಂವಾ ಇರದ ಬ್ಯಾನರ್ ಬುಡಕ ನಾ ಹಾಲ ಉಕ್ಕಸಾಂಗಿಲ್ಲ. ಆ ಮನ್ಯಾಗ ಕಾಲ ಇಡಾಂಗಿಲ್ಲ.’

ಹೊಸ ಮನೆಯಲ್ಲಿ ಮೊದಲ ಹಾಲು ಉಕ್ಕಿಸಬೇಕಾದವಳೇ ಅವಳು. ಅವಳು ಬಾರದಿದ್ದರೆ ಎಂಥ ವಾಸ್ತುಶಾಂತಿ? ಇಷ್ಟು ದಿನ ಎರಡೂ ಮನೆಗಳ ನಡುವೆ ಓಡಾಡುತ್ತಿದ್ದ ಒಂದೇ ಜೀವ ಅದು. ಅದೂ ಒಂದು ಬಾಗಿಲಿಗೆ ಬೆನ್ನು ಹಾಕಿದರೆ ಆಮೇಲೆ ಆ ಹೊಲಗಳ ನಡುವೆ ಬೇಲಿಯೊಂದೇ ಉಳಿಯುತ್ತಿತ್ತು. ‘ಒಂದು ಫೋಟೋದ ಸಲುವಾಗಿ ಇಷ್ಟ್ಯಾಕ ಹಟಾ ಆಯಿ’ ಎಂದು ಕೇಳಿದೆ.

‘ಮನ್ಯಾಗ ಜಗಳಾ ಆಡಿದ್ರ ಅದು ಮನಿ ಮಾತು. ಬ್ಯಾನರ್ ಕಟ್ಟಿದ್ರ ಊರ ಮಾತು ಆಗ್ತೈತಿ. ಈಕಿಗಿ ಒಬ್ಬನೇ ಮಗ ಅಂತ ಬರದ ಕಟ್ಟಿದಂಗ’ ಎಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ‘ನಾ ಇಬ್ಬರನ್ನ ಹಡದೇನಿ’ ಎಂದಳು.

ಅವಳ ಮಾತು ನನಗೂ ಸರಿ ಎನಿಸಿತು. ಹಾಗಂತ ದೊಡ್ಡ ಮಾಮಾನ ಎದುರು ನಿಂತು ಮಾತಾಡುವ ಧೈರ್ಯವೇನೂ ಬರಲಿಲ್ಲ. ಧೈರ್ಯ ಇಲ್ಲದವರಿಗೆಂದೇ ಆ ಪುಟ್ಟ ಪೆಟ್ಟಿಗೆ ಇದೆಯಲ್ಲ. ಅವ್ವನಿಗೆ ಕಾಣುವ, ಮಗನಿಗೆ ಕಾಣದ ಹಾಗೆ ಸಣ್ಣ ಮಾಮಾನನ್ನು ಬ್ಯಾನರಿನಲ್ಲಿ ಇಟ್ಟುಬಿಟ್ಟರೆ? ಮನೆಯ ಹಿಂದೆ ಬೇಕಾದಷ್ಟು ಕಬ್ಬು ಇತ್ತು. ಕಬ್ಬಿನೊಳಗೆ ನಿಲ್ಲಿಸಿದರೆ ಯಾರಿಗೆ ಗೊತ್ತಾಗುತ್ತದೆ? ನನ್ನ ಬುದ್ಧಿಗೆ ನಾನೇ ಬೆರಗಾದೆ.

ನನ್ನ ತಂಗಿಯ ಮದುವೆಯ ಆಲ್ಬಮ್ಮಿನಿಂದ ಸಣ್ಣ ಮಾಮಾನನ್ನು ಕತ್ತರಿಸಿ ತಂದೆ. ಬಿಳಿ ಅಂಗಿ, ದಪ್ಪ ಕರಿ ಮೀಸೆ. ಕಬ್ಬಿನ ಮೇಲಿಟ್ಟು ಮೊದಲು ಮಲ್ಟಿಪ್ಲೈ ಒತ್ತಿದೆ. ಅಂಗಿ ಮಾಯವಾಯಿತು, ಮುಖವೂ ಹೋಯಿತು. ಮೀಸೆಯೊಂದು ಮಾತ್ರ ಕಬ್ಬಿನ ಗರಿಗಳ ನಡುವೆ ಒಂಟಿಯಾಗಿ ತೂಗಾಡತೊಡಗಿತು. ಆಯಿ ಅದನ್ನು ದಿಟ್ಟಿಸಿ ನೋಡಿ, ‘ಇದೇನ ಕಂಬಳಿಹುಳಾ?’ ಎಂದಳು.

ಸ್ಕ್ರೀನ್ ಒತ್ತಿದೆ. ಈಗ ಮೀಸೆ ಹೋಗಿ ಅಂಗಿ ಮತ್ತು ಹಲ್ಲು ಉಳಿದವು. ‘ಯವ್ವಾ, ಜೀವಂತ ಇದ್ದಾಂವನ್ನ ದೆವ್ವ ಮಾಡಬ್ಯಾಡ’ ಎಂದು ನನ್ನ ಕೈ ಹಿಡಿದಳು. ಕೊನೆಗೆ ಸಾಫ್ಟ್ ಲೈಟ್ ಒತ್ತಿ ಸ್ವಲ್ಪ ತೆಳುವಾಗಿಸಿದೆ. ಸಣ್ಣ ಮಾಮಾ ಕಬ್ಬಿನೊಳಗೆ ಮೆಲ್ಲಗೆ ಇಳಿದರು. ಗೊತ್ತಿದ್ದವರು ಹುಡುಕಿದರೆ ಒಂದು ಹೆಗಲು, ಒಂದು ಹಣೆ, ಮೀಸೆಯ ನೆರಳು. ಗೊತ್ತಿಲ್ಲದವರಿಗೆ ಬರೀ ಕಬ್ಬು. ಆಯಿ ಮುಂದೆ ಬಾಗಿ ಪರದೆಯ ಮೇಲೆ ಬೆರಳಿಟ್ಟಳು. ಅವಳ ಕಣ್ಣಿನ ಆಪರೇಷನ್ ಆದಾಗಿನಿಂದ ಅವಳಿಗೆ ನನಗಿಂತ ಚೆನ್ನಾಗಿ ಕಾಣುತ್ತದೆ.

‘ಹಾಂ. ಅದಾನ’ ಎಂದಳು. ‘ಇಷ್ಟ ಸಾಕು.’

ಅಷ್ಟರಲ್ಲಿ ಚಹಾ ಮುಗಿಸಿ ದೊಡ್ಡ ಮಾಮಾ ಬಂದರು. ಪರದೆಯ ಮೇಲಿನ ಬ್ಯಾನರನ್ನು ದೂರದಿಂದ ನೋಡಿ, ಟ್ರ್ಯಾಕ್ಟರ್ ಸ್ವಲ್ಪ ದೊಡ್ಡದು ಮಾಡಲು ಹೇಳಿ ಒಪ್ಪಿಕೊಂಡರು.

ಬ್ಯಾನರ್ ಅಚ್ಚು ಹಾಕಿಸುವುದು ನಿಪ್ಪಾಣಿಯಲ್ಲಿ, ರಫೀಕ್ ಭಾಯಿಯ ಫ್ಲೆಕ್ಸ್ ಮಷೀನಿನಲ್ಲಿ. ಇಲ್ಲಿ ಒಂದು ಮಾತು ಹೇಳಬೇಕು. ಪರದೆಯ ಬಣ್ಣ ಬೇರೆ, ಶಾಯಿಯ ಬಣ್ಣ ಬೇರೆ. ಪರದೆಗೆ ಬೆಳಕು ಹಿಂದಿನಿಂದ ಬರುತ್ತದೆ, ಹಾಗಾಗಿ ಕತ್ತಲೊಳಗಿನದೂ ಕಾಣುತ್ತದೆ. ಅಚ್ಚಾದದ್ದರ ಮೇಲೆ ಬೆಳಕು ಮುಂದಿನಿಂದ ಬೀಳುತ್ತದೆ. ಶಾಯಿಯ ಮೇಲೆ ಶಾಯಿ ಕೂತು ಕಪ್ಪು ಇನ್ನಷ್ಟು ಕಪ್ಪಾಗುತ್ತದೆ. ಅದಕ್ಕೇ ಅಚ್ಚಿಗೆ ಮೊದಲು ಬಣ್ಣದ ಮೋಡ್ ಬದಲಿಸಬೇಕು. ಬದಲಿಸಿದೊಡನೆ ಸಣ್ಣ ಮಾಮಾ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಮಷೀನಿನಿಂದ ಹೊರಬಂದ ಫ್ಲೆಕ್ಸನ್ನು ರಫೀಕ್ ಭಾಯಿ ತಲೆ ಓರೆ ಮಾಡಿ ನೋಡಿದರು.

‘ಮೇಡಂ, ನಿಮ್ಮ ಕಬ್ಬು ಬಾಳ ಕರ್ರಗ ಬಂದೈತ್ರಿ. ಸ್ವಲ್ಪ ತಿಳಿ ಮಾಡಿ ಮತ್ತ ತಗೀಲೇನ್ರಿ?’

‘ಬ್ಯಾಡ್ರಿ ಭಾಯಿ. ಸತ್ತಿ ಕಬ್ಬು ಹಂಗ ಇರ್ತೈತಿ.’

‘ನಿಮ್ಮ ಮರ್ಜಿರಿ. ಇದರಾಗ ಯಾರರೆ ಅಡಗಿ ಕುಂತ್ರೂ ಗೊತ್ತಾಗಾಂಗಿಲ್ಲ ನೋಡ್ರಿ.’

ನಾನು ಜೋರಾಗಿ ನಕ್ಕೆ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ನಕ್ಕೆನೆಂದು ಕಾಣುತ್ತದೆ, ಅವರು ಫ್ಲೆಕ್ಸ್ ಸುತ್ತಿ ಕೊಡುವಾಗ ಮತ್ತೊಮ್ಮೆ ನನ್ನನ್ನು ನೋಡಿದರು.

ವಾಸ್ತುಶಾಂತಿಯ ಹಿಂದಿನ ದಿನವೇ ಸತ್ತಿಗೆ ಹೋದೆವು. ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣಲಿ ಎಂದು ಬ್ಯಾನರನ್ನು ಹಂದರದ ಒಂದು ಪಕ್ಕಕ್ಕೆ, ಪಶ್ಚಿಮಕ್ಕೆ ಮುಖ ಮಾಡಿ ಕಟ್ಟಿದರು. ಸಂಜೆಯ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದಿತ್ತು. ಎಷ್ಟು ಹುಡುಕಿದರೂ ಸಣ್ಣ ಮಾಮಾ ನನಗೇ ಸಿಗಲಿಲ್ಲ. ಆಯಿ ಕೋಲೂರಿಕೊಂಡು ಬಂದು, ಸುತ್ತ ಯಾರೂ ಇಲ್ಲದ್ದನ್ನು ನೋಡಿ, ‘ಎಲ್ಲೆ ಅದಾನ?’ ಎಂದಳು. ದೊಡ್ಡ ಮಾಮಾನ ಹೆಗಲಿನ ಹಿಂದೆ ಕಬ್ಬಿನ ದಟ್ಟ ಜಾಗ ತೋರಿಸಿದೆ. ಅಲ್ಲಿ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ‘ಆತು ಬಿಡ’ ಎಂದು ಒಳಗೆ ಹೋದಳು. ಬೆಳಗಾದರೆ ಹಾಲು ಉಕ್ಕಿಸಲು ಸಿದ್ಧಳಿದ್ದಳು. ನನ್ನ ಕಸುಬಿನ ಬಗ್ಗೆ ಅವತ್ತು ನನಗೆ ಬಂದಷ್ಟು ಹೆಮ್ಮೆ ಹಿಂದೆಂದೂ ಬಂದಿರಲಿಲ್ಲ, ಮುಂದೆ ಬರುವ ಲಕ್ಷಣವೂ ಇಲ್ಲ.

ಬೆಳಿಗ್ಗೆ ಹಾಲು ಉಕ್ಕಿತು. ಪೂಜೆ ಮುಗಿಸಿದ ಅಯ್ಯನವರು ಕೈಗೆ ಉಪ್ಪಿಟ್ಟಿನ ತಾಟು ಬಂದ ಮೇಲೆ ಹಂದರದಲ್ಲಿ ಬಂದು ಕೂತರು. ನೆಂಟರೆಲ್ಲ ಸಾಲಾಗಿ ಬ್ಯಾನರಿಗೆ ಎದುರಾಗಿ ಕೂತಿದ್ದರು. ನಮ್ಮನೆಯವರು ವಿಡಿಯೋ ತೆಗೆಯುತ್ತಿದ್ದವರು ನನ್ನ ಕಿವಿಯ ಹತ್ತಿರ ಬಂದು, ‘ಏ, ಕಬ್ಬಿನ್ಯಾಗ ಯಾರೋ ನಿಂತಾರ ನೋಡ’ ಎಂದರು.

ನೋಡಿದೆ. ಪಶ್ಚಿಮಕ್ಕೆ ಮುಖ ಮಾಡಿದ ಬ್ಯಾನರಿನ ಬೆನ್ನಿಗೆ ಸೂರ್ಯ ಏರಿದ್ದ. ತೆಳ್ಳನೆಯ ಫ್ಲೆಕ್ಸು. ಬೆಳಕು ಹಿಂದಿನಿಂದ ಬರುತ್ತಿತ್ತು. ಆ ಫ್ಲೆಕ್ಸು ಮತ್ತೆ ಕಂಪ್ಯೂಟರಿನ ಪರದೆಯೇ ಆಗಿಬಿಟ್ಟಿತ್ತು, ಅ‌ದೂ ನಮ್ಮ ಸ್ಟುಡಿಯೋದ ಗೋಡೆಗಿಂತ ದೊಡ್ಡ ಪರದೆ. ಕರ್ರಗಿದ್ದ ಕಬ್ಬು ತಿಳಿಯಾಗುತ್ತ ಬಂದು ಮೊದಲು ಅಂಗಿ ಕಂಡಿತು, ಆಮೇಲೆ ಹಣೆ, ಆಮೇಲೆ ಮೀಸೆ. ಕಂಪ್ಯೂಟರಿನಲ್ಲಿ ಹುಡುಕಿ ಕಾಣಬೇಕಾಗಿದ್ದ ಸಣ್ಣ ಮಾಮಾ ಇಲ್ಲಿ ಎಮ್ಮೆಯಷ್ಟು ದೊಡ್ಡದಾಗಿ, ಅಣ್ಣನ ಹೆಗಲ ಮೇಲಿಂದ ಇಡೀ ಹಂದರವನ್ನು ನೋಡುತ್ತಿದ್ದರು.

‘ಹಾಂ! ಬಾಳಾಸಾಬ ಅಲ್ಲೇನ್ರಿ ಅಂವಾ?’ ಎಂದು ಅಯ್ಯನವರು ಗಟ್ಟಿಯಾಗಿ ಕೇಳಿದರು. ಅವರ ಪಾಡಿಗೆ ಅವರಿಗೆ ಸಂತೋಷವೇ ಆಗಿತ್ತು.

ದೊಡ್ಡ ಮಾಮಾ ತಿರುಗಿ ನೋಡಿದರು. ‘ಯಾರ ಕೆಲಸ ಇದು?’ ಎಂದರು. ನಮ್ಮ ಬಳಗದಲ್ಲಿ ಕಂಪ್ಯೂಟರ್ ಬಲ್ಲವಳು ನಾನೊಬ್ಬಳೇ ಆದ್ದರಿಂದ ಆ ಪ್ರಶ್ನೆಯ ಅಗತ್ಯವೇನೂ ಇರಲಿಲ್ಲ.

‘ಪ್ರಿಂಟಿಂಗ್ ಮಿಸ್ಟೇಕ್ ಮಾಮಾ’ ಎಂದೆ.

‘ಪ್ರಿಂಟಿಂಗ್ ಮಿಸ್ಟೇಕಿಗೆ ಮೀಸಿ ಇರ್ತಾವೇನ?’

ಒಳಗಿಂದ ಆಯಿ ಬಂದಳು. ‘ಆಕಿಗಿ ಯಾಕ ಬೈತಿ? ನಾ ಹೇಳೀನಿ’ ಎಂದಳು.

‘ಹೇಳಿದ್ರ ಹೇಳಿರವ್ವ! ನನ್ನ ಟ್ರಾಲಿ ಅವನ ತ್ವಾಟದಾಗ ಹಾಯಬಾರ್ದು. ಅಂವಾ ಮಾತ್ರ ನನ್ನ ಕಬ್ಬಿನ್ಯಾಗ ಆರಾಮ ನಿಂದರಬೇಕು?’ ಎಂದು ಕೂಗಿ, ಬ್ಯಾನರ್ ಇಳಿಸಲು ಹೇಳಿದರು. ಯಾರೂ ಮುಂದೆ ಬರಲಿಲ್ಲ. ಬ್ಯಾನರಿನ ನಟ್ಟನಡುವೆ ಆಯಿ ಇದ್ದಳು; ಶುಭದ ದಿನ ಮನೆಯ ಹಿರಿಯಳ ಫೋಟೋವನ್ನು ನೆಲಕ್ಕೆ ಇಳಿಸಲು ಯಾರಿಗೆ ಧೈರ್ಯ? ಬದಲಿಗೆ ಎಲ್ಲರೂ ಮೊಬೈಲು ತೆಗೆದು ಫೋಟೋ ಹೊಡೆದುಕೊಂಡು ಸ್ಟೇಟಸ್ಸಿಗೆ ಇಟ್ಟರು. ಇಷ್ಟು ವರ್ಷ ಬ್ಯಾನರ್ ಮಾಡಿದ್ದೇನೆ, ನನ್ನ ಯಾವ ಕೆಲಸವನ್ನೂ ಜನ ಅಷ್ಟು ಹತ್ತಿರ ಹೋಗಿ ನೋಡಿದ್ದಿಲ್ಲ.

ಹೋಳಿಗೆ ಬಡಿಸುವ ಹೊತ್ತಿಗೆ ಮೋಟರ್ ಸೈಕಲ್ಲಿನ ಸದ್ದು ಕೇಳಿತು. ಸ್ಟೇಟಸ್ಸು ನೋಡಿ ಸಣ್ಣ ಮಾಮಾ ಬಂದರು. ಯಾರನ್ನೂ ಮಾತಾಡಿಸದೆ ನೇರವಾಗಿ ಬ್ಯಾನರಿನ ಎದುರು ಹೋಗಿ ನಿಂತು ತಮ್ಮನ್ನು ತಾವು ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

‘ಏ ಸುಜೀ! ಇವರಿಗೆಲ್ಲಾ ಮುಂದ ಜಾಗಾ. ಟ್ರ್ಯಾಕ್ಟರಿಗೂ ಮುಂದ ಜಾಗಾ. ನನ್ನಷ್ಟ ಹಂದಿ ಹೊಕ್ಕಂಗ ಕಬ್ಬಿನ್ಯಾಗ ನಿಂದ್ರಸೀದೇನ?’

ನಾನು ಬಾಯಿ ತೆರೆಯುವ ಮೊದಲೇ ಬೆನ್ನ ಹಿಂದಿನಿಂದ ದೊಡ್ಡ ಮಾಮಾನ ದನಿ ಬಂತು. ‘ಅದನ್ನ ನಾನೂ ಕೇಳಾಕತ್ತೀನಿ. ಹಾಕೂದಿದ್ರ ಸರಿಯಾಗಿ ಹಾಕಬೇಕು. ಇಲ್ಲಂದ್ರ ಬಿಡಬೇಕು.’

‘ಏನ ಕಳ್ಳ ಹೊಕ್ಕಂಗ ಕಾಣ್ತೈತಿ’ ಎಂದರು ಸಣ್ಣ ಮಾಮಾ.

‘ಮ್ಯಾಲ ಹಸರ ಮಾರಿ ಬ್ಯಾರೆ ಮಾಡ್ಯಾಳ’ ಎಂದರು ದೊಡ್ಡ ಮಾಮಾ.

‘ಕಲತಾಳ ಕಲತಾಳ ಅಂತ ಎಲ್ಲಾರೂ ಅಂತಿದ್ರು.’

‘ಏನ ಕಲತಾಳ, ಮಣ್ಣ!’

ಒಬ್ಬರು ಶುರು ಮಾಡಿದ ಬೈಗುಳವನ್ನು ಇನ್ನೊಬ್ಬರು ಮುಗಿಸುತ್ತಿದ್ದರು. ಎಷ್ಟೋ ದಿನಗಳಿಂದ ಒಂದು ಮಾತೂ ಆಡದಿದ್ದ ಅಣ್ಣ ತಮ್ಮಂದಿರಿಗೆ ಕೊನೆಗೂ ಒಂದು ವಿಷಯದಲ್ಲಿ ಒಮ್ಮತ ಬಂದಿತ್ತು: ನಾನು ಶುದ್ಧ ದಡ್ಡಿ. ಬೈಯುವ ಭರದಲ್ಲಿ ಇಬ್ಬರೂ ಅಕ್ಕಪಕ್ಕ, ಹೆಗಲಿಗೆ ಹೆಗಲು ತಾಗುವಂತೆ ನಿಂತಿದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ. ಗೊತ್ತಾದದ್ದು ಆಯಿಗೆ. ಅವಳು ಕೋಲನ್ನು ಕುರ್ಚಿಗೆ ಒರಗಿಸಿ, ಸರಸರನೆ ನಡೆದು ಬಂದು, ಇಬ್ಬರ ನಡುವೆ ತೂರಿಕೊಂಡು ನಿಂತಳು. ನಮ್ಮನೆಯವರ ಕಡೆ ನೋಡಿ, ‘ಏ, ಈಗ ತಗೀರಿ ಫೋಟೋ’ ಎಂದಳು.

ನಮ್ಮನೆಯವರು ತಮ್ಮ ಇಡೀ ವೃತ್ತಿಜೀವನದಲ್ಲಿ ಅವತ್ತೊಂದೇ ದಿನ ‘ನಗ್ರಿ’ ಎನ್ನಲಿಲ್ಲ. ಸುಮ್ಮನೆ ಒತ್ತಿದರು.

ನನಗೆ ಅಳು ಬಂದುಬಿಟ್ಟಿತು. ಬೈಸಿಕೊಂಡದ್ದಕ್ಕೆ ಅಳುತ್ತಿದ್ದೇನೆಂದು ಎಲ್ಲರೂ ತಿಳಿದರು, ಹಾಗೆಯೇ ತಿಳಿಯಲಿ ಎಂದು ನಾನೂ ಬಿಟ್ಟೆ. ಸಣ್ಣ ಮಾಮಾ, ‘ನಾ ಉಣ್ಣಾಕ ಬಂದಿಲ್ಲ, ಬೈಯಾಕ ಬಂದೇನಿ’ ಎಂದು ಹೇಳುತ್ತಲೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದರು. ದೊಡ್ಡ ಮಾಮಾ ಅವರ ಎದುರು ಹಾಯ್ದು ಹೋಗುವಾಗ ಬಡಿಸುವವರಿಗೆ, ‘ಅಲ್ಲೆ ತುಪ್ಪ ಬಂದಿಲ್ಲ ನೋಡ’ ಎಂದರು. ತಮ್ಮನ ಹೆಸರು ಹಿಡಿಯಲಿಲ್ಲ. ‘ಅಲ್ಲೆ’ ಎಂದಷ್ಟೇ ಅಂದರು.

ಅಷ್ಟಕ್ಕೆ ಹಾದಿ ಬಿಟ್ಟುಕೊಟ್ಟರು, ಬೇಲಿ ಕಿತ್ತರು ಎಂದು ನೀವು ತಿಳಿಯಬಾರದು. ಬೇಲಿ ಹಾಗೇ ಇದೆ. ಟ್ರಾಲಿ ಹೊಳೆಯ ಕಡೆಯಿಂದಲೇ ಸುತ್ತಿಕೊಂಡು ಹೋಗಿ ಹುಗಿಯುತ್ತಿದೆ. ಈ ಸಲ ಹುಗಿದಾಗ ಅದನ್ನು ಎಳೆಯಲು ಬಂದ ಟ್ರ್ಯಾಕ್ಟರ್ ಸಣ್ಣ ಮಾಮಾನದು ಎಂದು ಸತ್ತಿಯ ಅತ್ತೆ ಫೋನಿನಲ್ಲಿ ಹೇಳಿದರು. ಎಳೆಯುವಾಗ ಇಬ್ಬರೂ ಮಾತಾಡಲಿಲ್ಲವಂತೆ.

ಫೋಟೋವನ್ನು ದೊಡ್ಡದು ಮಾಡಿಸಿ ಆಯಿಗೆ ಕಳಿಸಿದೆ. ಇಬ್ಬರು ಗಂಡಸರು ಗುರಾಯಿಸುತ್ತಿದ್ದಾರೆ, ನನ್ನನ್ನು. ನಡುವೆ ಸೆರಗು ಜಾರಿದ ಮುದುಕಿ ಬಾಯಿ ತುಂಬ ನಗುತ್ತಿದ್ದಾಳೆ. ‘ಇಬ್ಬರೂ ಸಿಟ್ಟಿಗೆದ್ರ ಥೇಟ್ ನಿಮ್ಮಜ್ಜಾ. ಅವನ ಮೂಗ, ಅವನ ಹುಬ್ಬ’ ಎಂದು ಆಯಿ ಫೋನು ಮಾಡಿ ಹೇಳಿದಳು. ಆಮೇಲೆ ದನಿ ಇಳಿಸಿ, ‘ಇದರಾಗ ಏನೂ ಮಾಡಿಲ್ಲಲ್ಲಾ ನೀ?’ ಎಂದು ಕೇಳಿದಳು. ಏನೂ ಮಾಡಿಲ್ಲ ಎಂದೆ. ‘ಮಾಡಬ್ಯಾಡ. ಯಾರ ಹೇಳಿದ್ರೂ ಮಾಡಬ್ಯಾಡ’ ಎಂದಳು.

ಅವಳು ಹಾಗೆ ಹೇಳಿದ್ದು ಯಾಕೆಂದು ಆ ವಾರದಲ್ಲೇ ತಿಳಿಯಿತು. ದೊಡ್ಡ ಮಾಮಾ ಫೋನು ಮಾಡಿ, ‘ಆ ಫೋಟೋದಾಗ ನನ್ನ ಮಾರಿ ಸ್ವಲ್ಪ ನಗೂ ಹಂಗ ಮಾಡಾಕ ಬರ್ತೈತೇನ?’ ಎಂದು ಕೇಳಿದರು. ಮರುದಿನ ಸಣ್ಣ ಮಾಮಾ ಫೋನು ಮಾಡಿದರು. ಅವರಿಗೂ ಅದೇ ಬೇಕಾಗಿತ್ತು. ಇಬ್ಬರಿಗೂ ಕಂಪ್ಯೂಟರ್ ಕೆಟ್ಟಿದೆ ಎಂದು ಹೇಳಿದೆ.

ಕೆಟ್ಟಿಲ್ಲ. ಆಗಾಗ ಆ ಫೋಟೋವನ್ನು ತೆರೆದು ನೋಡುತ್ತೇನೆ. ಪದರಗಳ ಪಟ್ಟಿಯಲ್ಲಿ ಒಂದೇ ಪದರ ಇದೆ. ಇನ್ನೂ ಯಾರೂ ಮುಟ್ಟದ ಫೋಟೋದ ಪಕ್ಕದಲ್ಲಿ ಒಂದು ಸಣ್ಣ ಬೀಗದ ಗುರುತು ಇರುತ್ತದೆ. ಅದನ್ನು ತೆಗೆಯುವವರೆಗೆ ಆ ಪುಟ್ಟ ಪೆಟ್ಟಿಗೆಯೂ ಕೆಲಸ ಮಾಡುವುದಿಲ್ಲ, ಬರೀ ‘ನಾರ್ಮಲ್’ ಎಂದು ಬರೆದುಕೊಂಡು ಮಂಕಾಗಿ ಕೂತಿರುತ್ತದೆ. ಬೀಗ ತೆಗೆಯುವುದು ಬಹಳ ಸುಲಭ, ಒಂದು ಸಲ ಒತ್ತಿದರೆ ಸಾಕು. ನಾನು ಒತ್ತಿಲ್ಲ.